ಒಂದೇ ಕಣ್ಣಲ್ಲಿ ಆಡಿದ ವಿಲ್ಲಿ ಓ'ರೀ

ಹಾಕಿ ಅಂದ ಕೂಡಲೇ ನಮಗೆ ನೆನಪಾಗೋದು ಕೊಡಗು, ಹಸಿರು ಟರ್ಫ್. ಇವತ್ತಿನ ಹಾಕಿ ಬೇರೆ. ಇದು ಮಂಜುಗಡ್ಡೆ ಮೇಲೆ, ಕಾಲಿಗೆ ಬ್ಲೇಡ್ ಇರೋ ಸ್ಕೇಟ್ಸ್ ಕಟ್ಟಿಕೊಂಡು ಆಡೋ ಆಟ. ಚೆಂಡಿನ ಬದಲು ಪಕ್, ಅಂದ್ರೆ ಗಟ್ಟಿ ರಬ್ಬರಿನ ಬಿಲ್ಲೆ. ಕೆನಡಾದಲ್ಲಿ ಈ ಆಟಕ್ಕೆ ಇರುವ ಜಾಗ ನಮ್ಮಲ್ಲಿ ಕ್ರಿಕೆಟ್‌ಗೆ ಇರುವ ಜಾಗದಂಥದ್ದು.

1958ರ ಜನವರಿ 18. ಮಾಂಟ್ರಿಯಲ್ ಫೋರಮ್. ಬಾಸ್ಟನ್ ಬ್ರೂಯಿನ್ಸ್ ತಂಡದಲ್ಲಿ ಯಾರಿಗೋ ಗಾಯವಾಗಿ ಒಬ್ಬ ಆಟಗಾರ ಕಡಿಮೆ ಬಿದ್ದಿದ್ದ. ಆ ಜಾಗಕ್ಕೆ ಬಂದ 22 ವರ್ಷದ ಹುಡುಗ ವಿಲ್ಲಿ ಓ'ರೀ. ನ್ಯಾಷನಲ್ ಹಾಕಿ ಲೀಗ್, ಅಂದ್ರೆ ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಕಪ್ಪು ಜನಾಂಗದ ಆಟಗಾರ. ಬಾಸ್ಟನ್ 3-0ರಿಂದ ಗೆದ್ದಿತು.

ಈ ದಿನಾಂಕ ಗೂಗಲ್ ಮಾಡಿದ್ರೆ ಒಂದೇ ಕ್ಷಣದಲ್ಲಿ ಸಿಗುತ್ತೆ. ನನಗೆ ಕುತೂಹಲ ಇರೋದು ಅದರ ಆಚೆಗಿನ ಲೆಕ್ಕದಲ್ಲಿ. ಅವರು ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಟ್ಟು 45 ಪಂದ್ಯ. ಹೊಡೆದಿದ್ದು ನಾಲ್ಕೇ ಗೋಲು. ಆದರೆ ವೃತ್ತಿಪರ ಆಟಗಾರನಾಗಿ ಕೊನೆಯ ಸಲ ಸ್ಕೇಟ್ಸ್ ಬಿಚ್ಚಿಟ್ಟಿದ್ದು 1979ರಲ್ಲಿ, 43ನೇ ವಯಸ್ಸಿನಲ್ಲಿ. ಹಾಗಾದ್ರೆ ನಡುವಿನ ಅಷ್ಟು ವರ್ಷ ಇವರು ಎಲ್ಲಿದ್ರು?

ಹುಟ್ಟಿದ್ದು 1935ರಲ್ಲಿ, ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡೆರಿಕ್ಟನ್‌ನಲ್ಲಿ. ದೊಡ್ಡ ಕುಟುಂಬದ ಕಿರಿಯ ಮಗ. ಊರಲ್ಲಿ ಕಪ್ಪು ಜನರ ಮನೆಗಳು ಬೆರಳೆಣಿಕೆಯಷ್ಟು. ಮೂರು ವರ್ಷಕ್ಕೇ ಸ್ಕೇಟ್ಸ್ ಕಟ್ಟಿದ್ದ ಹುಡುಗ ಬೇಸ್‌ಬಾಲ್ ಕೂಡ ಚೆನ್ನಾಗಿ ಆಡ್ತಿದ್ದ. 1956ರಲ್ಲಿ ಮಿಲ್ವಾಕಿ ಬ್ರೇವ್ಸ್ ಬೇಸ್‌ಬಾಲ್ ತಂಡದವರು ತರಬೇತಿ ಶಿಬಿರಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಕರೆಸಿಕೊಂಡ್ರು. ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಶೌಚಾಲಯದ ಬಾಗಿಲ ಮೇಲೆ ಬಿಳಿಯರಿಗೆ ಒಂದು ಬೋರ್ಡ್, ಉಳಿದವರಿಗೆ ಇನ್ನೊಂದು. ಶಿಬಿರದಲ್ಲಿ ಆಯ್ಕೆ ಆಗ್ಲಿಲ್ಲ. ವಾಪಸ್ ಬಸ್ಸಿನಲ್ಲಿ ಹಲವು ದಿನಗಳ ಪ್ರಯಾಣ. ದಕ್ಷಿಣದಲ್ಲಿ ಹಿಂದಿನ ಸೀಟಿನಲ್ಲಿ ಕೂತ ಹುಡುಗ, ಬಸ್ಸು ಉತ್ತರಕ್ಕೆ ಹೋದ ಹಾಗೆ ಒಂದೊಂದೇ ಸೀಟು ಮುಂದೆ ಬರ್ತಾ ಹೋದ. ಊರು ಸೇರುವ ಹೊತ್ತಿಗೆ ಬೇಸ್‌ಬಾಲ್ ಸಾಕು, ಹಾಕಿಯೇ ಇರಲಿ ಅಂತ ತೀರ್ಮಾನ ಆಗಿತ್ತು.

ಆದರೆ ಹಾಕಿಯಲ್ಲೂ ಒಂದು ಕಷ್ಟ ಕಾದಿತ್ತು. 1955-56ರ ಸೀಸನ್‌ನಲ್ಲಿ, ಜೂನಿಯರ್ ಹಾಕಿ ಆಡುವಾಗ, ಎಲ್ಲೋ ತಾಗಿ ಚಿಮ್ಮಿದ ಪಕ್ ನೇರ ಮುಖಕ್ಕೆ ಬಡಿಯಿತು. ಆಗ ಯಾರೂ ಹೆಲ್ಮೆಟ್ ಹಾಕ್ತಿರಲಿಲ್ಲ. ಬಲಗಣ್ಣಿನ ದೃಷ್ಟಿ ಸುಮಾರು 95 ಭಾಗ ಹೋಯ್ತು. ಇನ್ನು ಆಟ ಬಿಟ್ಟುಬಿಡು ಅಂದ್ರು ಡಾಕ್ಟರು. ಕೆಲವೇ ವಾರಗಳಲ್ಲಿ ಈ ಹುಡುಗ ಮತ್ತೆ ಐಸ್ ಮೇಲೆ! ಒಂದು ಕಣ್ಣು ಕಾಣದವರು ಆಡುವಂತಿಲ್ಲ ಅಂತ ಎನ್‌ಎಚ್‌ಎಲ್ ನಿಯಮವೇ ಇತ್ತು. ಅದಕ್ಕೇ ವಿಷಯವನ್ನು ಮುಚ್ಚಿಟ್ರು. ಬಾಸ್ಟನ್ ತಂಡಕ್ಕೂ ಗೊತ್ತಿರಲಿಲ್ಲ.

ಈಗ ಸ್ವಲ್ಪ ಆಟದ ಲೆಕ್ಕ. ಓ'ರೀ ಆಡ್ತಿದ್ದದ್ದು ಲೆಫ್ಟ್ ವಿಂಗ್‌ನಲ್ಲಿ, ಎಡ ಅಂಚಿನಲ್ಲಿ. ಎಡ ಅಂಚಿನಲ್ಲಿ ಮುನ್ನುಗ್ಗುವವನಿಗೆ ಮೈದಾನವೆಲ್ಲಾ ಬಲಕ್ಕೆ. ಜೊತೆಗಾರರ ಪಾಸ್ ಬರೋದು ಬಲದಿಂದ, ಡಿಕ್ಕಿ ಹೊಡೆಯೋಕೆ ಎದುರಾಳಿ ಬರೋದೂ ಹೆಚ್ಚಾಗಿ ಬಲದಿಂದಲೇ. ಅಂದ್ರೆ ಕಾಣದ ಕಡೆಯಿಂದ! ಪ್ರತಿ ಸಲ ಕತ್ತನ್ನು ಪೂರ್ತಿ ತಿರುಗಿಸಿ ಎಡಗಣ್ಣಲ್ಲಿ ನೋಡಬೇಕು. ಪ್ರಪಂಚದ ಅತಿ ವೇಗದ ಆಟಗಳಲ್ಲೊಂದರಲ್ಲಿ ಅದಕ್ಕೆ ಟೈಮ್ ಎಲ್ಲಿ?

1958ರಲ್ಲಿ ಆಡಿದ್ದು ಎರಡೇ ಪಂದ್ಯ. 1960-61ರಲ್ಲಿ ಮತ್ತೆ ಕರೆ ಬಂತು, 43 ಪಂದ್ಯ ಆಡಿದ್ರು. 1961ರ ಹೊಸ ವರ್ಷದ ದಿನ ಮಾಂಟ್ರಿಯಲ್ ವಿರುದ್ಧವೇ ಮೊದಲ ಗೋಲು. ಷಿಕಾಗೋದಲ್ಲಿ ಎದುರಾಳಿಯೊಬ್ಬ ಸ್ಟಿಕ್ಕಿನ ಹಿಂಬದಿಯಿಂದ ಬಾಯಿಗೆ ಕುಟ್ಟಿದ. ಎರಡು ಹಲ್ಲು ಹೋದವು, ಮೂಗು ಮುರಿಯಿತು. ಓ'ರೀ ಸುಮ್ಮನಿರಲಿಲ್ಲ, ತಿರುಗಿ ಹೊಡೆದ್ರು. ಸೀಸನ್ ಮುಗಿದ ಮೇಲೆ ಬಾಸ್ಟನ್ ಅವರನ್ನು ಬಿಟ್ಟುಕೊಟ್ಟಿತು.

ಕೊನೆಗೆ ಬಂದು ಸೇರಿದ್ದು ಲಾಸ್ ಏಂಜಲೀಸ್ ಬ್ಲೇಡ್ಸ್ ತಂಡಕ್ಕೆ, ವೆಸ್ಟರ್ನ್ ಹಾಕಿ ಲೀಗ್‌ಗೆ. ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್ ಅದು. ಅಲ್ಲಿನ ಕೋಚ್ ಇವರನ್ನು ರೈಟ್ ವಿಂಗ್‌ಗೆ ಹಾಕಿದ್ರು. ಈಗ ಮೈದಾನವೆಲ್ಲಾ ಎಡಕ್ಕೆ, ಕಾಣುವ ಕಣ್ಣಿನ ಕಡೆಗೆ. 1964-65ರಲ್ಲಿ 38 ಗೋಲು. 1968-69ರಲ್ಲಿ, ಸ್ಯಾನ್ ಡಿಯಾಗೋ ಗಲ್ಸ್ ಪರವಾಗಿ, ಮತ್ತೆ 38. ಬಾಸ್ಟನ್‌ನಲ್ಲಿ ಅವರು ಸತ್ಯ ಹೇಳಿದ್ರೆ ಕೆಲಸ ಹೋಗ್ತಿತ್ತು. ಹೇಳದೇ ಇದ್ದಿದ್ದಕ್ಕೆ ತಪ್ಪು ಜಾಗದಲ್ಲಿ ಆಡಬೇಕಾಯ್ತು. ಆ ನಾಲ್ಕು ಗೋಲನ್ನು ಓದುವಾಗ ನಾನು ಇದನ್ನೂ ಸೇರಿಸಿಕೊಂಡೇ ಓದ್ತೀನಿ.

1967ರಲ್ಲಿ ಎನ್‌ಎಚ್‌ಎಲ್ 6 ತಂಡಗಳಿಂದ 12ಕ್ಕೆ ಬೆಳೆಯಿತು. ಹೊಸ ತಂಡಗಳಲ್ಲಿ ಒಂದು ಲಾಸ್ ಏಂಜಲೀಸ್‌ನದೇ. ಒಮ್ಮೆಗೇ ಎಷ್ಟೊಂದು ಜಾಗ ಖಾಲಿ! ಅದೇ ಊರಲ್ಲಿ ಆರು ವರ್ಷ ಗೋಲು ಹೊಡೆದವರನ್ನು ಯಾರೂ ಕರೆಯಲಿಲ್ಲ. ಕಣ್ಣು ಕಾರಣ ಅನ್ನೋಣವೇ? ಅದು ಗುಟ್ಟಾಗಿತ್ತಲ್ಲ. ವಯಸ್ಸು 30 ದಾಟಿತ್ತು, ನಿಜ. ಆದರೆ ಓ'ರೀ ನಂತರದ ಮುಂದಿನ ಕಪ್ಪು ಆಟಗಾರ, ಮೈಕ್ ಮಾರ್ಸನ್, ಎನ್‌ಎಚ್‌ಎಲ್‌ಗೆ ಬಂದದ್ದು 1974ರಲ್ಲಿ. ನಡುವೆ 13 ವರ್ಷ ಒಬ್ಬರೂ ಇಲ್ಲ. ಅಷ್ಟು ವರ್ಷ ಎಲ್ಲರಿಗೂ ವಯಸ್ಸಾಗಿತ್ತು ಅಂತ ನಂಬೋದು ನನಗಂತೂ ಕಷ್ಟ. ಪತ್ರಿಕೆಗಳು ಇವರನ್ನು ಹಾಕಿಯ ಜಾಕಿ ರಾಬಿನ್ಸನ್ ಅಂತ ಕರೆದವು. ಬೇಸ್‌ಬಾಲ್‌ನಲ್ಲಿ ರಾಬಿನ್ಸನ್ 1947ರ ಏಪ್ರಿಲ್‌ನಲ್ಲಿ ಬಂದ ಮೇಲೆ ಅದೇ ವರ್ಷ ಇನ್ನೂ ಕೆಲವರು ಬಂದ್ರು. ಹಾಗಾಗಿ ಈ ಹೋಲಿಕೆ ನನಗೆ ಅಷ್ಟಾಗಿ ಒಪ್ಪಿಗೆಯಾಗೋದಿಲ್ಲ.

ಆಟ ಬಿಟ್ಟ ಮೇಲೆ ಸ್ಯಾನ್ ಡಿಯಾಗೋ ಬಳಿಯ ಒಂದು ಹೋಟೆಲಿನಲ್ಲಿ ಸೆಕ್ಯುರಿಟಿ ಕೆಲಸವನ್ನೂ ಮಾಡಿದ್ರು. 1990ರ ದಶಕದಲ್ಲಿ ಎನ್‌ಎಚ್‌ಎಲ್ ಅವರನ್ನು ಹುಡುಕಿಕೊಂಡು ಬಂತು, ಎಲ್ಲ ಜನಾಂಗದ ಮಕ್ಕಳಿಗೂ ಹಾಕಿ ತಲುಪಿಸುವ ಕೆಲಸಕ್ಕೆ. 2018ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದ್ರು. ಅದೂ ಆಟಗಾರರ ಪಟ್ಟಿಗಲ್ಲ, ಆಟವನ್ನು ಕಟ್ಟಿದವರ ಪಟ್ಟಿಗೆ. 2022ರ ಜನವರಿ 18ರಂದು ಬಾಸ್ಟನ್ ತಂಡ ಅವರ 22ನೇ ನಂಬರಿನ ಜೆರ್ಸಿಯನ್ನು ಚಾವಣಿಗೆ ಏರಿಸಿತು. ಕೋವಿಡ್ ಕಾಲ. 86 ವರ್ಷದ ಓ'ರೀ ಅಲ್ಲಿಗೆ ಹೋಗಲಿಲ್ಲ, ಸ್ಯಾನ್ ಡಿಯಾಗೋದಿಂದಲೇ ಸ್ಕ್ರೀನ್ ಮೂಲಕ ನೋಡಿದ್ರು.

ಮುಂದಿನ ಕಂತಿನಲ್ಲಿ ಹರ್ಬ್ ಕಾರ್ನೆಗಿ ಕಥೆ. ಓ'ರೀಗಿಂತ ಹತ್ತು ವರ್ಷ ಮೊದಲೇ ಎನ್‌ಎಚ್‌ಎಲ್ ಬಾಗಿಲ ತನಕ ಬಂದು, ಒಳಗೆ ಹೋಗದೇ ಉಳಿದವರು.