ಭಾರ, ಏರು ಮತ್ತು ಜಾಹೀರಾತು

ಕಲಬುರಗಿಯ ದಾಲ್ ಮಿಲ್ಲುಗಳಿಂದ ತೊಗರಿಬೇಳೆ ಹೇರಿಕೊಂಡ ಲಾರಿಗಳು ಕಮಲಾಪುರದ ಮಾರ್ಗವಾಗಿ ಹುಮನಾಬಾದಿನ ಕಡೆಗೆ ಸಾಗುವುದುಂಟು. ಬೀದರ ಸೀಮೆಯು ಕಲಬುರಗಿಗಿಂತ ಎತ್ತರದ ಪ್ರದೇಶ. 2017ರಲ್ಲಿ ಆರಂಭಗೊಂಡ ಕಲಬುರಗಿ–ಬೀದರ ರೈಲುಮಾರ್ಗಕ್ಕಾಗಿ ಕಮಲಾಪುರದ ಸಮೀಪ ಮರಗುತ್ತಿಯಲ್ಲಿ ಗುಡ್ಡವನ್ನು ಕೊರೆದು, ಒಂದೂವರೆ ಕಿ.ಮೀ.ಗೂ ಮಿಕ್ಕಿದ ಸುರಂಗವನ್ನು ನಿರ್ಮಿಸಬೇಕಾಯಿತು. ಭಾರ ಎಳೆಯುವವನಿಗೆ ಏರು ಎಂದರೇನೆಂಬುದನ್ನು ಈ ಸುರಂಗವೇ ತಿಳಿಸುತ್ತದೆ. ಆದರೆ ವಾಹನಗಳ ಬಲಪ್ರದರ್ಶನದಲ್ಲಿ ಹೇಳದೆ ಉಳಿಯುವ ಸಂಗತಿ ಬಹುಮಟ್ಟಿಗೆ ಇದೇ ಆಗಿದೆ.

2012ರ ಅಕ್ಟೋಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ 'ಎಂಡೆವರ್' ಬಾಹ್ಯಾಕಾಶ ನೌಕೆಯನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ದಾರಿಯಲ್ಲಿನ ಒಂದು ಸೇತುವೆಯ ಮೇಲೆ ಟೊಯೋಟಾ ಟಂಡ್ರಾ ಎಂಬ ಪಿಕಪ್ ವಾಹನವು ಅದನ್ನು ಎಳೆಯಿತು. ನೌಕೆ ಮತ್ತು ಅದರ ಗಾಡಿ ಸೇರಿ ತೂಕ ಸುಮಾರು 132 ಟನ್. ಕಂಪನಿಯು ಈ ದೃಶ್ಯವನ್ನು ಪ್ರಚಾರಕ್ಕೆ ಬಳಸಿತು. ದೃಶ್ಯವೇನೋ ನಿಜ, ಅದರಿಂದ ಸಾಮಾನ್ಯ ನೋಡುಗನು ತಳೆಯುವ ತೀರ್ಮಾನ ಮಾತ್ರ ನಿಜವಲ್ಲ.

ಗಟ್ಟಿಯಾದ ಸಮತಟ್ಟು ರಸ್ತೆಯಲ್ಲಿ ಚಕ್ರಗಳ ಮೇಲಿರುವ ಭಾರವನ್ನು ಉರುಳಿಸಲು ತೂಕದ ಸುಮಾರು ನೂರಕ್ಕೆ 1ರಷ್ಟು ಎಳೆತ ಸಾಕು. ಅಂದರೆ 132 ಟನ್ನಿಗೆ 1.3 ಟನ್. ಇಪ್ಪತ್ತು ಅಡಿಗೆ ಒಂದು ಅಡಿ ಏರಿದ್ದರೆ ಇನ್ನೂ 6.6 ಟನ್ ಎಳೆತ ಬೇಕು. ಸುಮಾರು ಎರಡೂವರೆ ಟನ್ ತೂಗುವ ವಾಹನದ ಟೈರುಗಳು ಅಷ್ಟು ಬಲವನ್ನು ನೆಲಕ್ಕೆ ಒದಗಿಸಲಾರದೆ ಜಾರುತ್ತವೆ. ಇಳಿಜಾರಿನಲ್ಲಂತೂ ಬ್ರೇಕು ಆ ಭಾರವನ್ನು ತಡೆಯಲಾರದು. ಆದ್ದರಿಂದಲೇ ಆ ವಾಹನಕ್ಕೆ ಕಂಪನಿಯೇ ಗೊತ್ತುಪಡಿಸಿದ ಎಳೆತದ ಮಿತಿ 5 ಟನ್ನಿನ ಒಳಗಿತ್ತು.

2018ರಲ್ಲಿ ಅಮೆರಿಕದ ನಿಕೋಲಾ ಕಂಪನಿಯು ಇನ್ನೂ ಮುಂದೆ ಹೋಯಿತು. ತನ್ನ ಹೊಸ ಟ್ರಕ್ಕು ರಸ್ತೆಯಲ್ಲಿ ಓಡುತ್ತಿರುವ ಚಿತ್ರವನ್ನು ಅದು ಪ್ರಕಟಿಸಿತು. ವಾಸ್ತವದಲ್ಲಿ ಆ ಟ್ರಕ್ಕನ್ನು ದಿಬ್ಬದ ಮೇಲಕ್ಕೆ ಎಳೆದೊಯ್ದು ಇಳಿಜಾರಿನಲ್ಲಿ ಉರುಳಬಿಡಲಾಗಿತ್ತು. ಹೂಡಿಕೆದಾರರನ್ನು ತಪ್ಪುದಾರಿಗೆ ಎಳೆದ ಆರೋಪಗಳ ಇತ್ಯರ್ಥಕ್ಕಾಗಿ ಕಂಪನಿಯು 2021ರಲ್ಲಿ 12.5 ಕೋಟಿ ಡಾಲರ್ ತೆರಲು ಒಪ್ಪಿತು.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವುದನ್ನೂ ದಾರಿತಪ್ಪಿಸುವ ಜಾಹೀರಾತೆಂದು ಪರಿಗಣಿಸಿದೆ. ಮೊದಲ ತಪ್ಪಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಶ್ರಾವಕಾಚಾರವಾದರೋ ಇದನ್ನು ಬಹು ಹಿಂದೆಯೇ ಗುರುತಿಸಿತ್ತು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ತಕ್ಕಡಿ ಸರಿಯಿದ್ದರೂ ತೂಗಿದ ಬಗೆಯನ್ನು ಮುಚ್ಚಿಟ್ಟರೆ ಕೊಳ್ಳುವವನಿಗಾಗುವ ನಷ್ಟ ಒಂದೇ.

ಲಾರಿಯ ಮೇಲೆ ಮನೆತನದ ಬಂಡವಾಳವಿದೆ. ಅದರೊಳಗೆ ಚಾಲಕನ ಪ್ರಾಣವಿದೆ. ಕೊಳ್ಳುವವನು ಎಷ್ಟು ಭಾರ ಎಳೆಯಿತೆಂದು ಕೇಳಿದರೆ ಸಾಲದು. ಎಂಥ ರಸ್ತೆಯಲ್ಲಿ, ಎಷ್ಟು ಏರಿನಲ್ಲಿ ಎಳೆಯಿತು, ಇಳಿಯುವಾಗ ಹೇಗೆ ನಿಂತಿತು ಎಂಬುದನ್ನೂ ಕೇಳಬೇಕು. ಕೇಳುವ ಮೊದಲೇ ಅದನ್ನು ತಿಳಿಸುವುದು ಮಾರುವವನ ಧರ್ಮ.