ಮೂಳೆ ಮೆದುಳಿಗೆ ಕಳಿಸಿದ ಸುದ್ದಿ

ಮೂಳೆ ಅಂದ್ರೆ ದೇಹಕ್ಕೆ ಆಧಾರ, ಕ್ಯಾಲ್ಸಿಯಂಗೆ ಉಗ್ರಾಣ. ಶಾಲೇಲಿ ಕಲಿತಿದ್ದು ಇಷ್ಟೇ. ಆದ್ರೆ ಇಲಿಗಳು ಬೇರೆ ಕಥೆ ಹೇಳಿದ್ವು.

1996. ಅಮೆರಿಕದಲ್ಲಿ ಜೆರಾರ್ಡ್ ಕಾರ್ಸೆಂಟಿ ತಂಡ ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳನ್ನ ರೂಪಿಸಿತು. ಇದು ಮೂಳೆ ಕಟ್ಟೋ ಕೋಶಗಳೇ ತಯಾರಿಸೋ ಪ್ರೋಟೀನ್. ಅದಿಲ್ಲ ಅಂದ್ರೆ ಮೂಳೆ ಸೊರಗಬೇಕಲ್ವಾ? ಉಲ್ಟಾ, ಇನ್ನೂ ಜಾಸ್ತಿ ಬೆಳೀತು! ಹಾಗಾದ್ರೆ ಇದರ ಕೆಲಸ ಏನು?

2007ರಲ್ಲಿ ಒಂದು ಉತ್ತರ: ಇದು ರಕ್ತದಲ್ಲಿ ಹರಿದು ಸಕ್ಕರೆ ಅಂಶವನ್ನ ನಿಯಂತ್ರಿಸೋ ಹಾರ್ಮೋನ್.

2013ರಲ್ಲಿ ಇನ್ನೂ ದೊಡ್ಡದು. ಈ ಪ್ರೋಟೀನ್ ಮೆದುಳಿನೊಳಗೂ ಹೋಗಿ ಸೆರೊಟೋನಿನ್, ಡೋಪಮಿನ್ ತಯಾರಿಕೆ ಹೆಚ್ಚಿಸುತ್ತೆ. ಇದಿಲ್ಲದ ಇಲಿಗಳಿಗೆ ಆತಂಕ ಜಾಸ್ತಿ, ನೆನಪು ಕಮ್ಮಿ. ತಾಯಿಯ ಆಸ್ಟಿಯೋಕ್ಯಾಲ್ಸಿನ್ ಗರ್ಭದಲ್ಲಿರೋ ಮರಿಯ ಮೆದುಳನ್ನೂ ತಲುಪುತ್ತೆ.

2017ರಲ್ಲಿ ಎಳೆಯ ಇಲಿಗಳ ರಕ್ತದ ಪ್ಲಾಸ್ಮಾ ಕೊಟ್ಟಾಗ ಮುದಿ ಇಲಿಗಳ ನೆನಪು ಸುಧಾರಿಸಿತು. ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಎಳೆಯ ಇಲಿಗಳ ಪ್ಲಾಸ್ಮಾದಿಂದ ಆ ಲಾಭ ಸಿಗಲಿಲ್ಲ.

ಇಲ್ಲಿಗೇ ಚಪ್ಪಾಳೆ ಹೊಡೀಬೇಡಿ. 2020ರಲ್ಲಿ ಎರಡು ಬೇರೆ ತಂಡಗಳು ಈ ಪ್ರೋಟೀನ್ ಇಲ್ಲದ ಹೊಸ ಇಲಿಗಳನ್ನ ತಾವೇ ರೂಪಿಸಿ ಪರೀಕ್ಷಿಸಿದ್ವು. ಸಕ್ಕರೆ ಅಂಶ ಸರಿಯಾಗಿತ್ತು. ಗಂಡು ಇಲಿಗಳಲ್ಲಿ ಹೇಳಿದ್ದ ತೊಂದರೆಗಳೂ ಕಾಣಲಿಲ್ಲ. ಆಸ್ಟಿಯೋಕ್ಯಾಲ್ಸಿನ್ ನಿಜವಾಗಲೂ ಹಾರ್ಮೋನ್ ಹೌದಾ ಅನ್ನೋ ಅನುಮಾನ ಎದ್ದು ನಿಲ್ತು.

ಹಾಗಾಗಿ “ಮೂಳೆ ಗಟ್ಟಿ ಮಾಡಿ, ನೆನಪಿನ ಶಕ್ತಿ ಹೆಚ್ಚಿಸಿ” ಅಂತ ಯಾವುದಾದ್ರೂ ಪುಡಿ ಮಾರೋ ರೀಲ್ ಬಂದ್ರೆ ಒಂದು ಪ್ರಶ್ನೆ ಕೇಳಿ: ಇದನ್ನ ಇನ್ನೊಬ್ರು ಮತ್ತೆ ಮಾಡಿ ನೋಡಿದ್ರಾ? ವಿಜ್ಞಾನದ ಇತಿಹಾಸ ಕಲಿಸೋದು ಈ ಪ್ರಶ್ನೆಯನ್ನೇ.