ಕಿತ್ತು ಹಾಕಿದ ಪುಟಗಳನ್ನು ಹಾಡಿದವರು

ಪೋಸ್ಟ್ ಉದ್ದ ಇದೆ, ಬಿಡುವಾದಾಗ ಓದಿ.

ಹೋದ ಭಾನುವಾರ ನಮ್ಮ ಓದಿನ ಬಳಗದಲ್ಲಿ ಅಮೆರಿಕದ ಕಪ್ಪು ಜನರ ಹಳೇ ಹಾಡೊಂದನ್ನು ಫೋನಿನಲ್ಲಿ ಕೇಳಿಸಿದೆ. ಗುಲಾಮಗಿರಿಯ ಕಾಲದ ಹಾಡು. ಮುಗಿದ ಕೂಡಲೇ ಒಬ್ಬ ಹುಡುಗ ಕೇಳಿದ, "ಅಣ್ಣ, ಇವರನ್ನ ಹಡಗಿಗೆ ತುಂಬಿ ಮಾರಿದವರೂ ಇದೇ ಯೇಸುವಿನ ಹೆಸರು ಹೇಳ್ತಿದ್ರಲ್ಲ. ಮಾರಿದವನ ದೇವರನ್ನ ಮಾರಾಟ ಆದವನು ಯಾಕೆ ಹಾಡಬೇಕು?" ಇನ್ನೊಬ್ಬ ನಕ್ಕು, "ನಮ್ಮ ಕೇರೀಲೂ ಅಷ್ಟೇ ಅಲ್ವಾ, ಅಕ್ಕಿಗೆ, ಹಾಲಿನ ಪುಡಿಗೆ ಹೋದವರು" ಅಂದ. ಮೂಲೆಯಲ್ಲಿ ಕೂತಿದ್ದ ನಮ್ಮ ಅಕ್ಕ ಒಬ್ಬರು ಕೊರಳಿನ ಶಿಲುಬೆಯ ಮೇಲೆ ಸೆರಗು ಎಳೆದುಕೊಂಡರು. ಏನೂ ಮಾತಾಡಲಿಲ್ಲ.

ಮೊದಲನೇ ಹುಡುಗನ ಪ್ರಶ್ನೆ ಸರಿಯಾದ ಪ್ರಶ್ನೆ. ಎರಡನೆಯವನ ಮಾತು ನಮ್ಮ ಬಾಯಿಗೆ ಯಾರೋ ಇಟ್ಟ ಮಾತು. ಎರಡಕ್ಕೂ ಉತ್ತರ ಇರೋದು ಚರಿತ್ರೆಯಲ್ಲಿ.

1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳ ನೀಗ್ರೋ ಗುಲಾಮರಿಗಾಗಿ ಆಯ್ದ ಭಾಗಗಳು ಅಂತ ಅದರ ಮುಖಪುಟವೇ ಹೇಳುತ್ತದೆ. ಇವತ್ತು ಅದನ್ನು 'ಸ್ಲೇವ್ ಬೈಬಲ್' ಅಂತ ಕರೀತಾರೆ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಇದರಲ್ಲಿ ಇರೋದು 232. ಹಳೇ ಒಡಂಬಡಿಕೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮಾಯ, ಹೊಸ ಒಡಂಬಡಿಕೆಯಲ್ಲಿ ಅರ್ಧ ಮಾಯ.

ಏನನ್ನು ಕಿತ್ತರು, ಏನನ್ನು ಉಳಿಸಿದರು ನೋಡಿ. ಯೋಸೇಫನನ್ನು ಅಣ್ಣಂದಿರೇ ಮಾರಿದ್ದು, ಅವನು ಐಗುಪ್ತ ದೇಶದಲ್ಲಿ ದಾಸನಾಗಿ ನಿಷ್ಠೆಯಿಂದ ದುಡಿದು ಮೇಲೆ ಬಂದದ್ದು, ಆ ಕತೆ ಇದೆ. ಆದರೆ ಅದೇ ಐಗುಪ್ತದಿಂದ ದಾಸರ ಇಡೀ ಜನಾಂಗ ಎದ್ದು ಹೊರಟ ಕತೆ, ಮೋಶೆ ಫರೋಹನ ಎದುರು ನಿಂತ ಕತೆ, ಸಮುದ್ರ ಇಬ್ಭಾಗವಾದ ಕತೆ ಇಲ್ಲ. ವಿಮೋಚನಕಾಂಡದಿಂದ ವಿಮೋಚನೆಯನ್ನೇ ತೆಗೆದುಹಾಕಿ ಹತ್ತು ಆಜ್ಞೆಗಳನ್ನು ಮಾತ್ರ ಉಳಿಸಿದರು! ನೊಂದವರು ದೇವರ ಮುಂದೆ ಗೋಳಾಡುವ ಕೀರ್ತನೆಗಳು ಇಲ್ಲ. ದೊಡ್ಡ ಸಾಮ್ರಾಜ್ಯಗಳು ಕುಸಿಯೋದನ್ನು ಹೇಳುವ ಪ್ರಕಟನೆ ಪುಸ್ತಕ ಇಲ್ಲ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಅನ್ನೋ ಭೇದ ಇಲ್ಲ ಅನ್ನುವ ಪೌಲನ ಮಾತು ಇಲ್ಲ. ಯಜಮಾನನ ಮಾತು ಮೀರಬೇಡಿ ಅಂತ ದಾಸರಿಗೆ ಅದೇ ಪೌಲನ ಹೆಸರಿನಲ್ಲಿರುವ ಬುದ್ಧಿಮಾತು ಮಾತ್ರ ಭದ್ರವಾಗಿದೆ.

ಯಾಕೆ ಇಷ್ಟು ಭಯ? ಮೂರೇ ವರ್ಷ ಹಿಂದೆ, 1804ರಲ್ಲಿ, ಪಕ್ಕದ ಹೈಟಿಯಲ್ಲಿ ಗುಲಾಮರು ಫ್ರೆಂಚರನ್ನು ಸೋಲಿಸಿ ತಮ್ಮದೇ ದೇಶ ಕಟ್ಟಿಕೊಂಡಿದ್ದರು. ತೋಟದ ಮಾಲೀಕರಿಗೆ ನಿದ್ದೆ ಇರಲಿಲ್ಲ.

ನಮಗೆ ಇದು ಹೊಸದಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿರಿ ಅಂದ ಧರ್ಮಸೂತ್ರದ ನೆಲದವರು ನಾವು. ನಮಗೆ ಪುಸ್ತಕದ ಬಾಗಿಲನ್ನೇ ಮುಚ್ಚಿದರು. ಅವರಿಗೆ ಬಾಗಿಲು ತೆರೆದು, ಒಳಗಿನ ಸಾಮಾನು ಖಾಲಿ ಮಾಡಿ ಕೊಟ್ಟರು.

ಆದರೆ ಹರಿದ ಪುಟಗಳು ಜನರ ಬಾಯಲ್ಲಿ ಉಳಿದುಬಿಟ್ಟವು. ವೆಸ್ಟ್ ಇಂಡೀಸ್ ದಾಟಿ ಅಮೆರಿಕದ ಹತ್ತಿ ಹೊಲಗಳಿಗೆ ಬನ್ನಿ. ಅಲ್ಲಿ ಬೈಬಲನ್ನು ಹೀಗೆ ಕತ್ತರಿಸಿ ಹಂಚಲಿಲ್ಲ, ಓದುವ ಕಣ್ಣನ್ನೇ ಕಟ್ಟಿದರು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ದಂಗೆ ಎದ್ದ. ಅವನು ಓದು ಬಲ್ಲ ಗುಲಾಮ, ಬೋಧಕ ಕೂಡ. ಆಮೇಲೆ ಕಪ್ಪು ಜನರಿಗೆ ಅಕ್ಷರ ಕಲಿಸೋದರ ಮೇಲೆ, ಅವರು ತಾವೇ ಸೇರಿ ಪ್ರಾರ್ಥನೆ ಮಾಡೋದರ ಮೇಲೆ ಕಾನೂನುಗಳು ಇನ್ನೂ ಬಿಗಿಯಾದವು.

ಭಾನುವಾರ ಬಿಳಿಯ ಪಾದ್ರಿ ಬಂದು ವಿಧೇಯತೆ ಬೋಧಿಸೋನು. ರಾತ್ರಿ ಅದೇ ಜನ ಕದ್ದು ಕಾಡಿಗೆ, ಹಳ್ಳದ ಬದಿಗೆ ಹೋಗಿ ತಮ್ಮ ಸಭೆ ತಾವೇ ನಡೆಸೋರು. ಕಬ್ಬಿಣದ ಮಡಕೆಯೊಂದನ್ನು ಬೋರಲು ಹಾಕೋರು, ಹಾಡಿನ ಸದ್ದನ್ನು ಅದು ನುಂಗಿಕೊಳ್ಳುತ್ತೆ, ದೊರೆಯ ಮನೆಗೆ ಕೇಳಿಸಲ್ಲ ಅನ್ನೋ ನಂಬಿಕೆ. ಬಿಡುಗಡೆ ಆದಮೇಲೆ ಮುದುಕರಾದ ಎಷ್ಟೋ ಜನ ಈ ಮಡಕೆಯ ನೆನಪನ್ನು ಬರೆಸಿದ್ದಾರೆ.

'ಸ್ಪಿರಿಚುವಲ್ಸ್' ಅಂತ ಜಗತ್ತು ಕರೆಯುವ ಹಾಡುಗಳು ಬೆಳೆದದ್ದು ಇಂಥ ಕಡೆ, ಮತ್ತೆ ಹೊಲದ ದುಡಿಮೆಯಲ್ಲಿ. ಅವುಗಳಲ್ಲಿ ಬರುವ ಹೆಸರುಗಳೆಲ್ಲ ಬೈಬಲಿನವು, ಅರ್ಥ ಮಾತ್ರ ಹಾಡುವವರದು. ಐಗುಪ್ತ ಅಂದರೆ ತೋಟ, ಫರೋಹ ಅಂದರೆ ದೊರೆ. ಯೊರ್ದನ್ ನದಿ ಅಂದರೆ ಸಾವಿನ ಆಚೆಯ ದಡವೂ ಹೌದು, ದಾಟಿದರೆ ಗುಲಾಮಗಿರಿ ಇಲ್ಲದ ರಾಜ್ಯ ಸಿಗುವ ಓಹಿಯೋ ನದಿಯೂ ಹೌದು. ಗುಲಾಮನಾಗಿದ್ದು ತಪ್ಪಿಸಿಕೊಂಡ ಫ್ರೆಡೆರಿಕ್ ಡಗ್ಲಾಸ್ ತನ್ನ ಆತ್ಮಕತೆಯಲ್ಲಿ, ತಾವು ಕಾನಾನ್ ದೇಶ ಅಂತ ಹಾಡುವಾಗ ಮನಸ್ಸಿನಲ್ಲಿ ಇದ್ದದ್ದು ಉತ್ತರದ ರಾಜ್ಯಗಳು ಅಂತ ಬಿಡಿಸಿ ಹೇಳಿದ್ದಾನೆ. ಎಷ್ಟೋ ಜನರನ್ನು ರಾತ್ರೋರಾತ್ರಿ ದಾಟಿಸಿದ ಹ್ಯಾರಿಯೆಟ್ ಟಬ್ಮನ್‌ಗೆ ಜನ ಇಟ್ಟ ಹೆಸರು ಮೋಶೆ. ಹೆಂಗಸಿಗೆ ಮೋಶೆ ಅಂತ ಹೆಸರು! ದೊರೆ ಕೇಳಿದರೆ ಬರೀ ಭಕ್ತಿಗೀತೆ. ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸೋಳು ಕೇಳಿದರೆ ಬೇರೆ ಸುದ್ದಿ.

ಅಂತರ್ಯುದ್ಧ ಮುಗಿದ ಮೇಲೆ, 1866ರಲ್ಲಿ ನ್ಯಾಶ್‌ವಿಲ್ ಊರಿನಲ್ಲಿ, ಬಿಡುಗಡೆಯಾದವರಿಗಾಗಿ ಫಿಸ್ಕ್ ಅನ್ನುವ ಶಾಲೆ ಶುರುವಾಯಿತು. ಐದೇ ವರ್ಷದಲ್ಲಿ ದುಡ್ಡಿಲ್ಲದೆ ಮುಚ್ಚುವ ಸ್ಥಿತಿ. 1871ರ ಅಕ್ಟೋಬರ್‌ನಲ್ಲಿ ಒಂಬತ್ತು ಮಂದಿ ಹುಡುಗ ಹುಡುಗಿಯರು ಹಾಡಿ ದುಡ್ಡು ಕೂಡಿಸೋಕೆ ಊರೂರು ಹೊರಟರು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದವರು. ಅಪ್ಪ ಅಮ್ಮಂದಿರ ಆ ಹಾಡುಗಳನ್ನು ಬಿಳಿಯರ ಮುಂದೆ ಹಾಡೋಕೆ ಅವರಿಗೆ ಮೊದಲು ಮನಸ್ಸಿರಲಿಲ್ಲ. ಅವು ಪವಿತ್ರ, ಜೊತೆಗೆ ಗುಲಾಮಗಿರಿಯ ಅವಮಾನದ ನೆನಪು. ಆಮೇಲೆ ಹಾಡಿದರು. 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು. ಆ ದುಡ್ಡಿನಲ್ಲಿ ಎದ್ದ ಕಟ್ಟಡ ಜೂಬಿಲಿ ಹಾಲ್ ಇವತ್ತಿಗೂ ನಿಂತಿದೆ. ತಂಡದ ಹೆಸರು 'ಜೂಬಿಲಿ ಸಿಂಗರ್ಸ್'. ಐವತ್ತು ವರ್ಷಕ್ಕೊಮ್ಮೆ ದಾಸರನ್ನೆಲ್ಲ ಬಿಡಬೇಕು ಅನ್ನುವ ಯಾಜಕಕಾಂಡದ ಜೂಬಿಲಿ ವರ್ಷದಿಂದ ಬಂದ ಹೆಸರದು.

ಈಗ ಇದನ್ನು ಕೇಳಿ. ಆ ಸ್ಲೇವ್ ಬೈಬಲಿನ ಬೆರಳೆಣಿಕೆಯ ಪ್ರತಿಗಳಷ್ಟೇ ಇವತ್ತು ಉಳಿದಿವೆ. ಅವುಗಳಲ್ಲಿ ಒಂದು ಇರೋದು ಇದೇ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ. ಪುಟ ಕಿತ್ತ ಪುಸ್ತಕವೂ ಅಲ್ಲೇ, ಕಿತ್ತದ್ದನ್ನು ಹಾಡಿದ ದನಿಯೂ ಅಲ್ಲೇ.

ಬಿಡುಗಡೆ ಆಯ್ತು, ಕೊಲೆ ನಿಲ್ಲಲಿಲ್ಲ. 1877ರಿಂದ 1950ರೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕಪ್ಪು ಜನರನ್ನು ಗುಂಪು ಕಟ್ಟಿ ಕೊಂದರು, ಎಷ್ಟೋ ಜನರನ್ನು ಮರಕ್ಕೆ ನೇತುಹಾಕಿದರು. ಕೊಂದವರಲ್ಲಿ ಭಾನುವಾರ ಚರ್ಚಿಗೆ ತಪ್ಪದವರೂ ಇದ್ದರು. ಆಗ ಕವಿಗಳಿಗೆ, ಕಲಾವಿದರಿಗೆ ಶಿಲುಬೆ ಬೇರೆ ಥರ ಕಂಡಿತು. 1929ರಲ್ಲಿ ಕೌಂಟಿ ಕಲನ್ 'ದ ಬ್ಲ್ಯಾಕ್ ಕ್ರೈಸ್ಟ್' ಬರೆದ. ಅದಕ್ಕೂ ಮೊದಲು, 1927ರಲ್ಲಿ, ಆರನ್ ಡಗ್ಲಾಸ್ ಅನ್ನುವ ಕಪ್ಪು ಕಲಾವಿದ ಶಿಲುಬೆಯ ಚಿತ್ರ ಬರೆದ. ಅದರಲ್ಲಿ ಕಣ್ಣಿಗೆ ಮೊದಲು ಬೀಳೋದು ಯೇಸು ಅಲ್ಲ, ದೊಡ್ಡ ಶಿಲುಬೆಯ ಭಾರಕ್ಕೆ ಬಾಗಿ ನಡೆಯುವ ಒಬ್ಬ ಕಪ್ಪು ಆಳು. ಅವನು ಕುರೇನೆ ಊರಿನ ಸೀಮೋನ. ದಾರಿಯಲ್ಲಿ ಹೋಗ್ತಿದ್ದವನನ್ನು ರೋಮನ್ ಸೈನಿಕರು ಹಿಡಿದು ಬಿಟ್ಟಿ ಹೊರಿಸಿದರು ಅನ್ನುತ್ತೆ ಸುವಾರ್ತೆ. ಕುರೇನೆ ಇರೋದು ಆಫ್ರಿಕದಲ್ಲಿ, ಈಗಿನ ಲಿಬಿಯಾದಲ್ಲಿ. ಬಿಟ್ಟಿ ಹೊತ್ತವರ ಮಕ್ಕಳಾದ ನಮಗೆ ಆ ಚಿತ್ರ ಬಿಡಿಸಿ ಹೇಳಬೇಕಾ?

ಇನ್ನು ನಮ್ಮ ಕಡೆಗೆ ಬರೋಣ. ಹುಡುಗ ಕೇಳಿದ ಪ್ರಶ್ನೆಯನ್ನೇ ಕಪ್ಪು ಚಿಂತಕ ಹೊವಾರ್ಡ್ ಥರ್ಮನ್‌ಗೆ 1935ರಲ್ಲಿ ಸಿಲೋನಿನಲ್ಲಿ ಒಬ್ಬರು ನೇರವಾಗಿ ಕೇಳಿದ್ದರು. ಅವನ ಅಜ್ಜಿ ಗುಲಾಮಳಾಗಿದ್ದವಳು. ಓದು ಬಾರದ ಆಕೆಗೆ ಮೊಮ್ಮಗ ಬೈಬಲ್ ಓದಿ ಹೇಳಬೇಕು. ಆದರೆ ಪೌಲನ ಪತ್ರಗಳನ್ನು, ಪ್ರೀತಿಯ ಬಗ್ಗೆ ಇರುವ ಒಂದು ಅಧ್ಯಾಯ ಬಿಟ್ಟು, ಓದೋಕೆ ಬಿಡ್ತಿರಲಿಲ್ಲ. ದೊರೆಯ ಪಾದ್ರಿ ಸದಾ ಅದನ್ನೇ ಓದುತ್ತಿದ್ದ, ಬಿಡುಗಡೆ ಆದರೆ ಆ ಭಾಗ ಮತ್ತೆ ಮುಟ್ಟಲ್ಲ ಅಂತ ಆಕೆ ಪಣ ತೊಟ್ಟಿದ್ದಳು. ದೊರೆಗಳು ಒಂದು ಬೈಬಲ್ ಕತ್ತರಿಸಿದರೆ, ಅಕ್ಷರ ಬಾರದ ಅಜ್ಜಿ ತನ್ನದನ್ನು ತಾನೇ ಕತ್ತರಿಸಿಕೊಂಡಳು! 1936ರ ಫೆಬ್ರವರಿಯಲ್ಲಿ ಥರ್ಮನ್ ದಂಪತಿ ಬಾರ್ಡೋಲಿಯಲ್ಲಿ ಗಾಂಧಿಯನ್ನು ಕಂಡಾಗ, ಶಿಲುಬೆಯ ಬಗೆಗಿನ ಒಂದು ಗುಲಾಮರ ಹಾಡನ್ನು ಗಾಂಧಿ ಕೇಳಿ ಹಾಡಿಸಿಕೊಂಡರು. ಅದೇ ವರ್ಷ ಲಾಹೋರಿನಲ್ಲಿ ಬಾಬಾಸಾಹೇಬರ ಭಾಷಣ ರದ್ದಾಯಿತು, 'ಜಾತಿ ವಿನಾಶ' ಪುಸ್ತಕವಾಗಿ ಹೊರಬಂತು. ದೂರದ ಗುಲಾಮನ ಹಾಡಿಗೆ ಈ ದೇಶದಲ್ಲಿ ಕಿವಿ ಇತ್ತು.

ಹಾಗಂತ ಶಿಲುಬೆ ಸಿಕ್ಕಿದ ಕಡೆಯೆಲ್ಲ ಬಿಡುಗಡೆ ಸಿಕ್ಕಿತು ಅಂದರೆ ಅದೂ ಸುಳ್ಳು. ತಿರುವಾಂಕೂರಿನ ಪೊಯ್ಕಯಿಲ್ ಅಪ್ಪಚ್ಚನ್ ಕತೆ ಗೊತ್ತಿರಬೇಕು. 1879ರಲ್ಲಿ ಪರಯರಲ್ಲಿ ಹುಟ್ಟಿದವರು. ಅವರ ಮನೆಯವರು ಒಂದು ಸಿರಿಯನ್ ಕ್ರೈಸ್ತ ಜಮೀನ್ದಾರಿ ಮನೆತನದ ಜೀತದಾಳುಗಳು. ಕ್ರೈಸ್ತರಾಗಿ ಯೋಹನ್ನಾನ್ ಆದರು, ಬೈಬಲನ್ನು ಅರೆದು ಕುಡಿದರು, ದೊಡ್ಡ ಬೋಧಕರಾದರು. ಸಭೆಯೊಳಗೂ ಪುಲಯರು, ಪರಯರು ಬೇರೆಯೇ. ಆಗ ಕೇಳಿದರು, ಪೌಲ ರೋಮಾಪುರದವರಿಗೆ ಬರೆದ, ಕೊರಿಂಥದವರಿಗೆ ಬರೆದ, ತಿರುವಾಂಕೂರಿನ ಪುಲಯರಿಗೆ ಬರೆದ ಪತ್ರ ಎಲ್ಲಿ ಅಂತ. ಬೈಬಲನ್ನು ಸುಟ್ಟರು. 1909ರ ಸುಮಾರಿಗೆ ಪ್ರತ್ಯಕ್ಷ ರಕ್ಷಾ ದೈವ ಸಭೆ ಕಟ್ಟಿದರು. ಜೀತದ ಸಂತೆಯಲ್ಲಿ ತಂದೆ ಒಂದು ದಿಕ್ಕಿಗೆ, ತಾಯಿ ಒಂದು ದಿಕ್ಕಿಗೆ ಮಾರಾಟವಾಗಿ ಅನಾಥರಾದ ಮಕ್ಕಳ ಹಾಡು ಕಟ್ಟಿದರು. ತನ್ನ ಕುಲದ ಚರಿತ್ರೆ ಯಾವ ಪುಸ್ತಕದಲ್ಲೂ ಇಲ್ಲ ಅಂತ ದುಃಖಿಸಿ ಹಾಡಿದರು. ಅವರ ಜನಕ್ಕೆ ಆ ಹಾಡುಗಳೇ ಶಾಸ್ತ್ರ.

ಅಲ್ಲಿ ಹರಿದ ಪುಟವನ್ನು ಹಾಡಿದರು, ಇಲ್ಲಿ ಬರೆಯದ ಪುಟವನ್ನು ಹಾಡಿದರು. ಎರಡು ಕಡೆಯೂ ಕೊಟ್ಟಿದ್ದನ್ನು ಕೊಟ್ಟ ಹಾಗೇ ತಗೊಂಡವರು ಯಾರೂ ಇಲ್ಲ.

1981ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಒಂದು ಭಾಷಣದಿಂದ ದಲಿತ ದೇವತಾಶಾಸ್ತ್ರದ ಚರ್ಚೆ ಶುರುವಾಯಿತು ಅಂತಾರೆ. ಮಧುರೈನಲ್ಲಿ ಥಿಯೊಫಿಲಸ್ ಅಪ್ಪಾವು ಪರೈ ವಾದ್ಯವನ್ನೇ ಪ್ರಾರ್ಥನೆಯ ಹಾಡಿಗೆ ತಂದರು. ಸತ್ತ ದನದ ಚರ್ಮ, ಸಾವಿನ ಮನೆಯ ವಾದ್ಯ ಅಂತ ಹೊರಗಿಟ್ಟಿದ್ದು ಬಲಿಪೀಠದ ಮುಂದೆ ಬಂತು. ನಮ್ಮ ತಮಟೆಯ ಕತೆಯೂ ಅದೇ ತಾನೇ.

ಇನ್ನು ಆ 'ಅಕ್ಕಿಗೆ ಹೋದವರು' ಮಾತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇನ್ನೂ ಹೊರಗೆ. ಅಂದರೆ ನಮ್ಮ ಅಕ್ಕ ದಾಖಲೆಯಲ್ಲಿ ಶಿಲುಬೆ ಅಂತ ಬರೆಸಿದ ದಿನ ಪರಿಶಿಷ್ಟ ಜಾತಿಯ ಮೀಸಲಾತಿ ಹೋಗುತ್ತೆ, ಜಾತಿ ಹೋಗಲ್ಲ. ಇಷ್ಟು ಕಳಕೊಳ್ಳೋರನ್ನ ಅಕ್ಕಿಗೆ ಮಾರಿಕೊಂಡವರು ಅನ್ನೋದಾ? ಯಾವ ಅಕ್ಕಿಗಪ್ಪ ಇಷ್ಟು ಬೆಲೆ?

ನಾನು ಬಾಬಾಸಾಹೇಬರ ಬೌದ್ಧ ದಾರಿಯವನು, ಅದರಲ್ಲಿ ಗೊಂದಲ ಇಲ್ಲ. ಚರ್ಚಿನೊಳಗಿನ ಜಾತಿಯನ್ನು ಮುಂದೆಯೂ ಬೈಯ್ತೀನಿ. ಆದರೆ ನಮ್ಮವರು ಯಾರೇ ಆಗಲಿ, ತಮ್ಮ ಎದೆಗೆ ಆನಿಸಿಕೊಂಡ ಒಂದು ಗುರುತನ್ನು ನೋಡಿ ನಗುವ ಮೊದಲು, ಅವರು ಅದರಿಂದ ಏನು ಕಟ್ಟಿಕೊಂಡರು ಅಂತ ಕೇಳೋಣ.

ಮೊನ್ನೆ ಆ ಅಕ್ಕನ ಮನೆಗೆ ಹೋಗಿದ್ದೆ, ಆ ಇಬ್ಬರು ಹುಡುಗರನ್ನೂ ಕರಕೊಂಡು. ಟೀ ಕೊಟ್ಟರು. ಮುಂದಿನ ಭಾನುವಾರ ಚರ್ಚು ಮುಗಿಸಿ ಬಳಗಕ್ಕೆ ಬರ್ತೀನಿ, ಒಂದು ಹಾಡೂ ಹೇಳ್ತೀನಿ ಅಂದಿದ್ದಾರೆ. ತಮಟೆ ತರೋದು ಹುಡುಗರ ಕೆಲಸ.

ಜೈ ಭೀಮ್.